ಕೆಂಪು ಮಚ್ಚೆಯ ಹೆಸರುಗಳು

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಗಡಿಸೀಮೆಯಲ್ಲಿ, ಅದರಲ್ಲೂ ಬೆಳ್ಳಿಯ ಕಾಲ್ಗೆಜ್ಜೆಗೆ ಹೆಸರಾದ ಹುಪರಿಯಂಥ ಊರಿನಲ್ಲಿ, ಮೈಮೇಲಿನ ಗುರುತುಗಳನ್ನು ಕರೆಯುವ ಮಾತುಗಳು ಎರಡು ಭಾಷೆಗಳಿಂದ ಬಂದು ಒಂದೇ ಮನೆಯಲ್ಲಿ ನೆಲೆಸಿವೆ. ಕನ್ನಡ ಆಡುವವರು ಮಚ್ಚೆ, ಹುಟ್ಟುಮಚ್ಚೆ, ನರಹುಲಿ ಎಂದರೆ ಮರಾಠಿ ಆಡುವವರು ತೀಳ, ಜನ್ಮಖೂಣ, ಚಾಮಖೀಳ ಎನ್ನುತ್ತಾರೆ. ಈ ಮಾತುಗಳೆಲ್ಲ ಗುರುತು ಚಪ್ಪಟೆಯೋ ಉಬ್ಬಿದ್ದೋ, ಹುಟ್ಟಿನಿಂದ ಬಂದದ್ದೋ ಆಮೇಲೆ ಎದ್ದದ್ದೋ ಎಂಬುದನ್ನು ತಕ್ಕಮಟ್ಟಿಗೆ ತಿಳಿಸುತ್ತವೆಯಾದರೂ, ಅದು ಚರ್ಮದ ವರ್ಣದ್ರವ್ಯ ಒಂದೆಡೆ ಸೇರಿ ಆದ ಕಪ್ಪು ಗುರುತೋ, ಚರ್ಮದಡಿಯ ರಕ್ತನಾಳಗಳು ಹಿಗ್ಗಿಯೋ ಹೆಚ್ಚಿಯೋ ಆದ ಕೆಂಪು ಗುರುತೋ ಎಂಬ ಭೇದವನ್ನು ತಮ್ಮೊಳಗೆ ಇಟ್ಟುಕೊಂಡಿಲ್ಲ. ಕೆಂಪಗಿದ್ದರೆ ಮಚ್ಚೆಯ ಹಿಂದೆ ‘ಕೆಂಪು’ ಎಂಬ ವಿಶೇಷಣ ಸೇರಿಸಿದರೆ ಆಡುಮಾತಿಗೆ ಅಷ್ಟು ಸಾಕಾಗಿತ್ತು. ವೈದ್ಯಶಾಸ್ತ್ರಕ್ಕೆ ಅಷ್ಟು ಸಾಲಲಿಲ್ಲ. ರಕ್ತನಾಳಗಳಿಂದ ಉಂಟಾಗಿ, ಜೀವಕ್ಕೆ ಎರವಾಗದೆ, ಚರ್ಮದಲ್ಲಿ ನಿಲ್ಲುವ ಈ ಗುರುತು ಮತ್ತು ಗಂಟುಗಳನ್ನು ವಿಂಗಡಿಸಿ ಹೆಸರಿಡುವ ಕೆಲಸ ಸುಶ್ರುತಸಂಹಿತೆಯ ಕಾಲದಿಂದ ಈಚಿನ ದಶಕದವರೆಗೂ ನಡೆದು ಬಂದಿದೆ. ಹೆಸರು ಬದಲಾದಾಗಲೆಲ್ಲ ವೈದ್ಯನ ಕೈ ಮಾಡುವ ಕೆಲಸವೂ, ಎಂದರೆ ಸುಡಬೇಕೋ, ಕೊಯ್ಯಬೇಕೋ, ಸುಮ್ಮನೆ ಕಾಯಬೇಕೋ ಎಂಬ ನಿರ್ಣಯವೂ ಬದಲಾದದ್ದರಿಂದ ಈ ಹೆಸರುಗಳ ಚರಿತ್ರೆಗೆ ಕೋಶದ ಪುಟಗಳಾಚೆಗೂ ಬೆಲೆಯಿದೆ.

ಸುಶ್ರುತಸಂಹಿತೆಯ ನಿದಾನಸ್ಥಾನದ 13ನೆಯ ಅಧ್ಯಾಯದಲ್ಲಿ 44 ಕ್ಷುದ್ರರೋಗಗಳ ವಿವರಣೆಯಿದೆ. ಕ್ಷುದ್ರವೆಂದರೆ ಚಿಕ್ಕದು. ಜ್ವರ, ಕುಷ್ಠ, ಪ್ರಮೇಹದಂಥ ದೊಡ್ಡ ಪ್ರಕರಣಗಳಲ್ಲಿ ಸೇರದ, ಕಾರಣವೂ ಲಕ್ಷಣವೂ ಸಂಕ್ಷೇಪದಲ್ಲಿ ಮುಗಿಯುವ ವಿಕಾರಗಳನ್ನೆಲ್ಲ ಆಚಾರ್ಯರು ಇಲ್ಲಿ ಒಟ್ಟುಗೂಡಿಸಿದ್ದಾರೆ. ಒಡವೆ ಅಂಗಡಿಯಲ್ಲಿ ಯಾವ ಜೋಡಿಗೂ ಸೇರದ ಕೊಂಡಿ, ಗುಂಡು, ತಿರುಪುಗಳನ್ನು ಹಾಕಿಡುವ ಚಿಲ್ಲರೆ ಡಬ್ಬಿಯ ಹಾಗೆ ಈ ಅಧ್ಯಾಯದಲ್ಲಿ ಉಗುರುಸುತ್ತು, ತಲೆಹೊಟ್ಟು, ಕಾಲೊಡಕು, ಮೊಡವೆಗಳ ಪಕ್ಕದಲ್ಲೇ ಮೈಮೇಲಿನ ಮಚ್ಚೆಗಳೂ ಬರುತ್ತವೆ. ಎಳ್ಳಿನಷ್ಟು ಗಾತ್ರದ, ಚರ್ಮದ ಮಟ್ಟದಲ್ಲೇ ಇರುವ, ನೋವಿಲ್ಲದ ಕಪ್ಪು ಚುಕ್ಕೆ ತಿಲಕಾಲಕ. ಉದ್ದಿನಂತೆ ಉಬ್ಬಿ ಗಟ್ಟಿಯಾಗಿರುವುದು ಮಷಕ. ಮೈಮೇಲೆ ದೊಡ್ಡದಾಗಿಯೋ ಚಿಕ್ಕದಾಗಿಯೋ ಹರಡಿದ ಕಂದು ಅಥವಾ ಬಿಳಿಯ ಮಂಡಲ ನ್ಯಚ್ಛ. ಇವುಗಳ ಸಾಲಿನಲ್ಲಿ ಬರುವ ಜತುಮಣಿಯ ವಿವರಣೆಯೇ ಇಲ್ಲಿ ಮುಖ್ಯವಾದದ್ದು: ಅದು ಹುಟ್ಟಿನಿಂದಲೇ ಬಂದದ್ದು, ನೋವಿಲ್ಲದ್ದು, ದುಂಡಗಿರುವುದು, ನುಣುಪಾದದ್ದು, ತುಸು ಕೆಂಪಾದದ್ದು, ಕಫ ಮತ್ತು ರಕ್ತಗಳ ವಿಕಾರದಿಂದ ಆದದ್ದು. ಹಳೆಯ ಗ್ರಂಥದ ಲಕ್ಷಣವನ್ನು ಇಂದಿನ ಒಂದು ರೋಗದ ಹೆಸರಿಗೆ ಗಂಟುಹಾಕುವುದು ಅಪಾಯದ ಕೆಲಸವೇ ಸರಿ; ಆದರೂ ಸಹಜ, ನೀರುಜ, ರಕ್ತವರ್ಣ ಎಂಬ ಮೂರು ಗುಣಗಳು ಒಂದೇ ಕಡೆ ಕೂಡಿರುವುದರಿಂದ ಈ ಹೆಸರಿನ ಅಡಿಯಲ್ಲಿ ರಕ್ತನಾಳದ ಹುಟ್ಟುಗುರುತುಗಳಲ್ಲಿ ಕೆಲವಾದರೂ ಸೇರಿದ್ದವೆಂದು ಒಪ್ಪಲು ಅಡ್ಡಿಯಿಲ್ಲ.

ಜತುವೆಂದರೆ ಅರಗು. ಅಕ್ಕಸಾಲಿಯ ಕೈಯಲ್ಲಿ ಅರಗು ಟೊಳ್ಳು ಗುಂಡಿನ ಒಳಗನ್ನು ತುಂಬುವ, ತಗಡಿನ ಮೇಲೆ ಚಿತ್ತಾರ ಬಡಿಯುವಾಗ ಅಡಿಗಾಸರೆಯಾಗುವ ಪದಾರ್ಥ. ಬಿಸಿಗೆ ಕರಗಿ, ಆರಿದಾಗ ನಯವಾಗಿ ಹೊಳೆಯುವ ಕೆಂಪು ಹನಿಯಾಗಿ ನಿಲ್ಲುವ ಅದರ ರೂಪವನ್ನು ಕಂಡವನಿಗೆ ಜತುಮಣಿ ಎಂಬ ಹೆಸರು ಎಲ್ಲಿಂದ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ. ಎಳ್ಳು, ಉದ್ದು, ಅರಗು: ಹೆಸರಿಟ್ಟವರು ಅಡುಗೆಮನೆಯಿಂದಲೂ ಕಮ್ಮಟದಿಂದಲೂ ಉಪಮಾನ ತಂದಿದ್ದಾರೆ. ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಕ್ಷುದ್ರರೋಗಗಳ ಸಂಖ್ಯೆಯನ್ನು 36ಕ್ಕೆ ಇಳಿಸಿದರೂ ಜತುಮಣಿಯನ್ನು ಬಿಡಲಿಲ್ಲ. ಅದನ್ನು ಮಷಕದ ಜಾತಿಗೇ ಸೇರಿಸಿ, ಹುಟ್ಟಿನಿಂದ ಬಂದಿರುವುದು ಮತ್ತು ಕೆಂಪಾಗಿರುವುದು ಎಂಬೆರಡೇ ಭೇದಗಳಿಂದ ಬೇರ್ಪಡಿಸಿ, ಕಪ್ಪು ಅಥವಾ ಬಿಳಿಯ ಸಮತಟ್ಟಾದ ಹುಟ್ಟುಮಂಡಲಕ್ಕೆ ಲಾಂಛನವೆಂಬ ಬೇರೆ ಹೆಸರು ಕೊಟ್ಟನು. ಬಣ್ಣವೇ ಜಾತಿಯನ್ನು ನಿರ್ಣಯಿಸುವ ಗುಣವಾದದ್ದು ಇಲ್ಲಿ. ಚಿಕಿತ್ಸೆಯಲ್ಲಿ ಮಾತ್ರ ಈ ವಿವೇಕ ಉಳಿಯಲಿಲ್ಲ: ಸುಶ್ರುತನ ಚಿಕಿತ್ಸಾಸ್ಥಾನವು ಜತುಮಣಿ, ಮಷಕ, ತಿಲಕಾಲಕ ಮೂರಕ್ಕೂ ಒಂದೇ ವಿಧಿಯನ್ನು, ಅಂದರೆ ಶಸ್ತ್ರದಿಂದ ಎತ್ತಿ ಕೊಯ್ದು ಕ್ಷಾರದಿಂದಲೋ ಬೆಂಕಿಯಿಂದಲೋ ನಿಧಾನವಾಗಿ ಸುಡುವುದನ್ನು, ಹೇಳುತ್ತದೆ. ರಕ್ತ ತುಂಬಿದ ಗುರುತನ್ನೂ ಎಳ್ಳುಮಚ್ಚೆಯನ್ನೂ ಒಂದೇ ಕತ್ತಿಗೆ ಒಡ್ಡಿದಾಗ ಏನಾಗುತ್ತಿತ್ತೆಂಬುದು ಗ್ರಂಥದಲ್ಲಿ ಇಲ್ಲ.

ರಕ್ತನಾಳಗಳ ಮಾತು ಸಂಹಿತೆಯಲ್ಲಿ ಬೇರೊಂದು ಕಡೆ ಬರುತ್ತದೆ. ಗ್ರಂಥಿ ಮತ್ತು ಅರ್ಬುದಗಳನ್ನು, ಎಂದರೆ ಗಂಟು ಮತ್ತು ಗಡ್ಡೆಗಳನ್ನು, ಹೇಳುವ 11ನೆಯ ಅಧ್ಯಾಯದಲ್ಲಿ ಸಿರಾಗ್ರಂಥಿ ಎಂಬುದೊಂದಿದೆ. ದುರ್ಬಲನು ಶಕ್ತಿಮೀರಿ ದುಡಿದಾಗ ವಾಯು ಸಿರೆಗಳ ಜಾಲವನ್ನು ಹಿಂಡಿ, ಕೂಡಿಸಿ, ಒಣಗಿಸಿ ಉಬ್ಬಾದ ದುಂಡು ಗಂಟನ್ನು ಮಾಡುತ್ತದೆಂದು ಅದರ ವಿವರಣೆ. ಅದೇ ಅಧ್ಯಾಯದ ರಕ್ತಾರ್ಬುದವು ಮಾಂಸದ ಮೊಳಕೆಗಳಿಂದ ತುಂಬಿ, ಬೇಗ ಬೆಳೆದು, ಎಡೆಬಿಡದೆ ರಕ್ತ ಸುರಿಸುವ ಅಸಾಧ್ಯ ವಿಕಾರ. ರೋಗಿ ರಕ್ತ ಕಳೆದುಕೊಂಡು ಬಿಳಿಚಿಕೊಳ್ಳುತ್ತಾನೆ. ಹೀಗೆ ಹುಟ್ಟಿನ ಕೆಂಪು ಮಚ್ಚೆ ಒಂದು ಅಧ್ಯಾಯದಲ್ಲೂ ಸಿರೆಗಳ ಗಂಟು ಇನ್ನೊಂದರಲ್ಲೂ ಉಳಿದುಕೊಂಡವು. ಎರಡರ ಮೂಲದ್ರವ್ಯವೂ ರಕ್ತನಾಳವೇ ಎಂದು ಕಾಣಲು ಸೂಕ್ಷ್ಮದರ್ಶಕ ಬೇಕಾಗಿತ್ತು.

ಈ ಶಾಸ್ತ್ರ ಕನ್ನಡನಾಡಿಗೆ ಬಂದ ದಾರಿಗಳಲ್ಲಿ ಜೈನ ಪರಂಪರೆ ದೊಡ್ಡದು. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ಬರೆದ ಕಲ್ಯಾಣಕಾರಕವು ಮದ್ಯ, ಮಾಂಸ, ಜೇನುಗಳನ್ನು ಔಷಧಿಯಿಂದ ಹೊರಗಿಟ್ಟು ರಚಿತವಾದ ವೈದ್ಯಗ್ರಂಥ. ಅದರಲ್ಲಿಯೂ ಮಹಾಮಯಗಳಿಗೊಂದು, ಕ್ಷುದ್ರರೋಗಗಳಿಗೊಂದು ಎಂದು ಅಧಿಕಾರಗಳನ್ನು ಬೇರೆಮಾಡಲಾಗಿದೆ. 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಅದನ್ನು ಸಂಪಾದಿಸಿ ಸೊಲ್ಲಾಪುರದಲ್ಲಿ ಅಚ್ಚು ಹಾಕಿಸಿದರು. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ಇನ್ನೊಂದು ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಕೊಲ್ಹಾಪುರದ ಶಿಲಾಹಾರರು ಕನ್ನಡದಲ್ಲಿ ಶಾಸನ ಬರೆಸಿ ಬಸದಿಗಳಿಗೆ ದಾನ ಕೊಡುತ್ತಿದ್ದ ಶತಮಾನವೂ ಅದೇ. ಆದರೆ ಕನ್ನಡದಲ್ಲಿ ಹುಟ್ಟಿದ ಸ್ವತಂತ್ರ ವೈದ್ಯಕೃತಿಗಳ ಒಲವು ಬೇರೆ ಕಡೆಗಿತ್ತು: ಕೀರ್ತಿವರ್ಮನ ಗೋವೈದ್ಯ ದನಗಳಿಗೆ ಮೀಸಲು, ಮಂಗರಾಜನ ಖಗೇಂದ್ರಮಣಿದರ್ಪಣ ವಿಷಚಿಕಿತ್ಸೆಗೆ ಮೀಸಲು. ಹಾವು ಕಚ್ಚಿದವನಿಗೂ ಕಾಯಿಲೆ ಬಿದ್ದ ಎತ್ತಿಗೂ ವೈದ್ಯ ಕೂಡಲೇ ಬೇಕು. ನೋಯದ, ಕೊಲ್ಲದ ಕೆಂಪು ಮಚ್ಚೆಗೆ ಗ್ರಂಥ ಬರೆಸುವ ಒತ್ತಾಯ ಯಾರಿಗೂ ಇರಲಿಲ್ಲ.

ವೈದ್ಯನು ಬಿಟ್ಟ ಜಾಗವನ್ನು ನಂಬಿಕೆ ತುಂಬಿತು. ಗ್ರಹಣ ಹಿಡಿದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದರೆ, ಏನನ್ನಾದರೂ ಹೆಚ್ಚಿದರೆ ಅಥವಾ ತನ್ನ ಮೈಯನ್ನು ಒತ್ತಿ ಮುಟ್ಟಿಕೊಂಡರೆ ಕೂಸಿನ ಮೈಮೇಲೆ ಅದೇ ಜಾಗದಲ್ಲಿ ಗುರುತು ಬೀಳುತ್ತದೆಂಬ ಮಾತು ಕನ್ನಡ, ಮರಾಠಿ ಸೀಮೆಗಳೆರಡರಲ್ಲೂ ಇದೆ. ಯುರೋಪಿನಲ್ಲಿ ಇದರ ಜೊತೆಗೆ ಬಯಕೆಯ ಕಥೆಯೂ ಸೇರಿಕೊಂಡಿತು. ಬಸುರಿಯಾಗಿದ್ದಾಗ ತಾಯಿ ಸ್ಟ್ರಾಬೆರಿ, ಚೆರಿ ಹಣ್ಣು ಇಲ್ಲವೆ ದ್ರಾಕ್ಷಾರಸಕ್ಕೆ ಆಸೆಪಟ್ಟು ಅದು ದೊರೆಯದೆ ಹೋದರೆ ಆ ಆಸೆಯ ಚಿತ್ರವೇ ಮಗುವಿನ ಚರ್ಮದ ಮೇಲೆ ಮೂಡುತ್ತದೆಂದು ಅಲ್ಲಿಯ ಪಂಡಿತರೂ ನಂಬಿದ್ದರು. ಫ್ರೆಂಚ್ ಮತ್ತು ಇಟಾಲಿಯನ್ ಆಡುಮಾತುಗಳಲ್ಲಿ ಹುಟ್ಟುಮಚ್ಚೆಗೂ ಬಯಕೆಗೂ ಒಂದೇ ಶಬ್ದ ಸಲ್ಲುತ್ತದೆ, ಲ್ಯಾಟಿನ್ ವೈದ್ಯಭಾಷೆಯಲ್ಲಿ ಇವು ‘ನೀವಸ್ ಮೆಟರ್ನಸ್’, ತಾಯಿಯಿಂದ ಬಂದ ಮಚ್ಚೆ, ಎನಿಸಿಕೊಂಡವು. ಲಂಡನ್ನಿನ ಡೇನಿಯಲ್ ಟರ್ನರ್ 1714ರ ತನ್ನ ಚರ್ಮರೋಗಗ್ರಂಥದಲ್ಲಿ ಈ ಮತವನ್ನು ಎತ್ತಿಹಿಡಿದನು. ಜೇಮ್ಸ್ ಬ್ಲಾಂಡೆಲ್ 1727ರಲ್ಲಿ ಅದನ್ನು ಖಂಡಿಸಿದ ಮೇಲೆ ಇಬ್ಬರ ನಡುವೆ ವರ್ಷಗಟ್ಟಲೆ ಪುಸ್ತಕದ ಮೇಲೆ ಪುಸ್ತಕ ಬಂದವು. ಇಲ್ಲಿ ಒಂದು ಹೋಲಿಕೆ ಗಮನಾರ್ಹವಾಗಿದೆ. ಸುಶ್ರುತನಿಗೂ ಬಯಕೆಯ ಸಿದ್ಧಾಂತ ಗೊತ್ತು, ದೌಹೃದವನ್ನು, ಎಂದರೆ ಬಸುರಿಯ ಬಯಕೆಯನ್ನು, ತೀರಿಸದಿದ್ದರೆ ಕೂಸು ಗೂನನೋ ಕುಂಟನೋ ಕುಳ್ಳನೋ ಆಗಬಹುದೆಂದು ಶಾರೀರಸ್ಥಾನದಲ್ಲಿ ಹೇಳುತ್ತಾನೆ. ಆದರೆ ಜತುಮಣಿಯ ಕಾರಣ ಹೇಳುವಾಗ ತಾಯಿಯ ಹೆಸರೆತ್ತದೆ ಕಫ-ರಕ್ತಗಳಲ್ಲಿ ನಿಲ್ಲುತ್ತಾನೆ. ಆ ಕಾರಣ ಇಂದು ನಿಲ್ಲುವುದಿಲ್ಲ, ಆದರೂ ಅಷ್ಟು ಶತಮಾನ ಹಿಂದೆಯೇ ಮಚ್ಚೆಯ ಹೊಣೆಯನ್ನು ತಾಯಿಯ ಮೇಲೆ ಹೊರಿಸದೆ ಬಿಟ್ಟದ್ದು ಸಣ್ಣ ವಿಷಯವಲ್ಲ.

ಬಯಕೆಯ ಸಿದ್ಧಾಂತ ಬಿದ್ದುಹೋದ ಮೇಲೂ ಹಣ್ಣಿನ ಹೆಸರುಗಳು ಹೋಗಲಿಲ್ಲ. ಎಳೆಗೂಸಿನ ಉಬ್ಬಿದ ಕಡುಗೆಂಪು ಗಂಟು ‘ಸ್ಟ್ರಾಬೆರಿ ಮಚ್ಚೆ’, ಮುಖದ ಅರ್ಧಭಾಗವನ್ನೇ ಆವರಿಸಬಲ್ಲ ಚಪ್ಪಟೆಯಾದ ನೇರಳೆಗೆಂಪು ಹರಹು ‘ಪೋರ್ಟ್ ವೈನ್ ಕಲೆ’, ನವಜಾತ ಶಿಶುಗಳ ಹಿಂಗತ್ತಿನಲ್ಲೋ ಹುಬ್ಬುಗಳ ನಡುವೆಯೋ ಕಾಣುವ ಮಸುಕು ಗುಲಾಬಿ ಗುರುತು ಸಾಲ್ಮನ್ ಮೀನಿನ ಮಾಂಸದ ಬಣ್ಣದ ಕಲೆ. ಇದೇ ಕಾಲಕ್ಕೆ ರಾಬರ್ಟ್ ವಿಲ್ಲನ್ ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ಮೂಲರೂಪದ ಮೇಲೆ ಎಂಟು ವರ್ಗಗಳಾಗಿ ವಿಂಗಡಿಸುತ್ತಿದ್ದನು. ಅವನ ಶಿಷ್ಯ ಥಾಮಸ್ ಬೇಟ್‌ಮನ್ 1813ರಲ್ಲಿ ಪ್ರಕಟಿಸಿದ ಸಾರಸಂಗ್ರಹದಲ್ಲಿ ನೀವಸ್‌ಗೆ ಸಿಕ್ಕ ಸ್ಥಾನ ಎಂಟನೆಯ, ಅಂದರೆ ಕೊನೆಯ ವರ್ಗ. ಎಡಿನ್‌ಬರೋದ ಶಸ್ತ್ರವೈದ್ಯ ಜಾನ್ ಬೆಲ್ ಮಾತ್ರ ಬಡಿತವಿರುವ ಕೆಲವು ಗಂಟುಗಳನ್ನು ಕೊಯ್ದು ನೋಡಿ, ನಾಳಗಳು ಒಂದರೊಳಗೊಂದು ಕೂಡಿಕೊಂಡು ಆದ ಊತವೆಂದು ವರ್ಣಿಸಿದ್ದನು. ಈ ದೃಷ್ಟಿ ಪೂರ್ಣಗೊಂಡದ್ದು ಜರ್ಮನಿಯ ರುಡಾಲ್ಫ್ ವಿರ್ಚೋವ್‌ನಿಂದ. ಗಡ್ಡೆಗಳನ್ನು ಕುರಿತು 1863ರಿಂದ ಹೊರಬಂದ ತನ್ನ ಬೃಹದ್ಗ್ರಂಥದಲ್ಲಿ ಆತನು ಇವೆಲ್ಲಕ್ಕೂ ‘ಆಂಜಿಯೋಮಾ’, ನಾಳದ ಗಡ್ಡೆ, ಎಂಬ ಒಂದೇ ಕುಲನಾಮ ಕೊಟ್ಟು, ಸಣ್ಣ ಲೋಮನಾಳಗಳಿಂದಾದ ಸರಳ, ಗುಹೆಗಳಂಥ ರಕ್ತದ ಕೋಣೆಗಳಿರುವ ಗಹ್ವರ, ದಪ್ಪ ನಾಳಗಳು ಗೊಂಚಲಾಗಿ ಹೆಣೆದುಕೊಂಡ ಜಾಲ ಎಂದು ಮೂರು ಬಗೆಯಾಗಿ ಒಡೆದನು. ಹಣ್ಣಿನ ಬಣ್ಣವನ್ನು ಬಿಟ್ಟು ನಾಳದ ಕಟ್ಟಡವನ್ನು ನೋಡಿದ್ದು ದೊಡ್ಡ ಹೆಜ್ಜೆಯಾಗಿತ್ತು. ಆದರೆ ಎಲ್ಲದರ ಬಾಲಕ್ಕೂ ಗಡ್ಡೆಯೆಂಬ ಪ್ರತ್ಯಯ ಅಂಟಿಕೊಂಡದ್ದರಿಂದ, ಬೆಳೆಯುವ ಗಂಟೂ ಎಂದೂ ಬೆಳೆಯದ ಕಲೆಯೂ ಒಂದೇ ಕುಲದವಾಗಿಬಿಟ್ಟವು. ಮುಂದಿನ 120 ವರ್ಷಗಳ ಗೊಂದಲಕ್ಕೆ ಈ ಪ್ರತ್ಯಯವೇ ಬಹುಮಟ್ಟಿಗೆ ಹೊಣೆ.

ಯುರೋಪಿನ ಈ ನಾಮಾವಳಿ ಹುಪರಿಯ ಸುತ್ತಿನ ಸೀಮೆಗೆ ಆಸ್ಪತ್ರೆಗಳ ಮೂಲಕ ಬಂದಿತು. ಕೊಲ್ಹಾಪುರ ಸಂಸ್ಥಾನದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆ, ಇಂದಿನ ಛತ್ರಪತಿ ಪ್ರಮಿಳಾರಾಜೆ ಆಸ್ಪತ್ರೆ, ಒಂದು ಕಡೆ. ಕೆನಡಾದಿಂದ ಬಂದ ಶಸ್ತ್ರವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ತೆರೆದ ಮಿಷನ್ ಆಸ್ಪತ್ರೆ ಇನ್ನೊಂದು ಕಡೆ. ಅಂದಿನ ವೈದ್ಯನಿಗೆ ಚರ್ಮದ ಮೇಲಿನ ಕೆಂಪು ಕಲೆಯೆದುರು ಮೊದಲು ಏಳುತ್ತಿದ್ದ ಸಂಶಯ ಕುಷ್ಠದ್ದು. ಮಿರಜದ ಮಿಷನ್ ಕುಷ್ಠರೋಗಿಗಳಿಗೆಂದು ಬೇರೆ ಆಶ್ರಯವನ್ನೇ ನಡೆಸುತ್ತಿತ್ತು. ಕುಷ್ಠದ ಕಲೆ ಹುಟ್ಟಿನಿಂದ ಬರುವುದಿಲ್ಲ, ಅದರ ಮೇಲೆ ಹತ್ತಿಯ ಎಳೆ ತಾಗಿದರೂ ಸೂಜಿ ಚುಚ್ಚಿದರೂ ಅರಿವು ಕಡಿಮೆ. ನಾಳದ ಹುಟ್ಟುಕಲೆಯಲ್ಲಿ ಸ್ಪರ್ಶ ಪೂರ್ತಿಯಾಗಿರುತ್ತದೆ. ಗಾಜಿನ ಚೂರೊಂದನ್ನು ಕಲೆಯ ಮೇಲೆ ಒತ್ತಿ ಹಿಡಿದರೆ ನಾಳದೊಳಗಿನ ರಕ್ತ ಪಕ್ಕಕ್ಕೆ ಸರಿದು ಆ ಜಾಗ ಬಿಳುಪೇರುತ್ತದೆ, ಗಾಜು ಎತ್ತಿದೊಡನೆ ಅಂಚಿನಿಂದ ಕೆಂಪು ಮರಳಿ ತುಂಬಿಕೊಳ್ಳುತ್ತದೆ. ನಾಳ ಒಡೆದು ರಕ್ತ ಚರ್ಮದೊಳಗೆ ಚೆಲ್ಲಿದ್ದರೆ ಎಷ್ಟು ಒತ್ತಿದರೂ ಬಣ್ಣ ಕದಲುವುದಿಲ್ಲ. ಹಳೆಯ ಸಂಹಿತೆಯ ಸಹಜ ಮತ್ತು ನೀರುಜ ಎಂಬ ವಿಶೇಷಣಗಳು ಈ ಪರೀಕ್ಷೆಗಳ ಜೊತೆಯಲ್ಲಿಟ್ಟು ನೋಡಿದಾಗ ಬರಿಯ ಅಲಂಕಾರವಾಗಿ ಕಾಣುವುದಿಲ್ಲ. ಇತ್ತ ಮುಂಬಯಿಯಲ್ಲಿ ಯು. ಬಿ. ನಾರಾಯಣರಾವ್ 1935ರಲ್ಲಿ ಆರಂಭಿಸಿದ ನಿಯತಕಾಲಿಕವು, ಮೊದಲು ಲೈಂಗಿಕ ರೋಗಗಳಿಗೆ ಮೀಸಲಾಗಿದ್ದರೂ, ಕಾಲಕ್ರಮದಲ್ಲಿ ಭಾರತದ ಚರ್ಮವೈದ್ಯರ ಮುಖ್ಯ ವೇದಿಕೆಯಾಗಿ ಬೆಳೆಯಿತು.

ಬೆಳ್ಳಿಯ ಕಸುಬು ಈ ಚರಿತ್ರೆಯನ್ನು ನೇರವಾಗಿ ಮುಟ್ಟುವ ಒಂದು ಎಡೆಯಿದೆ. ಬೆರಳಿಗೆ ತಂತಿ ಚುಚ್ಚಿದ, ಅರ ತಾಗಿದ ಸಣ್ಣ ಗಾಯದ ಮೇಲೆ ಕೆಲವೇ ವಾರಗಳಲ್ಲಿ ಒಂದು ಕೆಂಪು ಮೊಳಕೆ ಏಳುವುದುಂಟು; ಬಟಾಣಿ ಗಾತ್ರಕ್ಕೆ ಬೆಳೆದು, ಬುಡದಲ್ಲಿ ಚರ್ಮದ ಸಣ್ಣ ಕೊರಳಪಟ್ಟಿ ಕಟ್ಟಿಕೊಂಡು, ಬಟ್ಟೆ ಸವರಿದರೂ ರಕ್ತ ಸುರಿಸುವ ಈ ಗಂಟು ಕೈಕೆಲಸದವರ ಬೆರಳಿನಲ್ಲಿಯೂ ಮಕ್ಕಳ ಮುಖದಲ್ಲಿಯೂ ಬಸುರಿಯರ ವಸಡಿನಲ್ಲಿಯೂ ಕಾಣಿಸಿಕೊಳ್ಳುತ್ತದೆ. ಲಿಯಾನ್ ನಗರದ ಪೊನ್ಸೆ ಮತ್ತು ದೋರ್ 1897ರಲ್ಲಿ ಇದನ್ನು ವರ್ಣಿಸಿದಾಗ, ಬೀಜ ಒಡೆಸಿದ ಕುದುರೆಗಳ ಗಾಯದಲ್ಲಿ ಕಾಣುವ ಗೊಂಚಲುಗಡ್ಡೆಯನ್ನು ನೆನೆದು, ಇದೂ ಬೂಷ್ಟಿನಿಂದ ಆದದ್ದೆಂದು ತಿಳಿದು ‘ಮಾನವ ಬೋಟ್ರಿಯೋಮೈಕೋಸಿಸ್’ ಎಂದು ಕರೆದರು. ಬೂಷ್ಟು ಸಿಗಲಿಲ್ಲ. 1904ರಲ್ಲಿ ಅಮೆರಿಕದ ಹಾರ್ಟ್‌ಜೆಲ್, ಕೀವು ಹುಟ್ಟಿಸುವ ಸೂಕ್ಷ್ಮಜೀವಿಗಳ ಸೋಂಕಿಗೆ ಎದ್ದ ಮಾಂಸಾಂಕುರವಿದು ಎಂದು ‘ಪಯೋಜೆನಿಕ್ ಗ್ರಾನ್ಯುಲೋಮಾ’ ಎಂಬರ್ಥದ ಹೆಸರು ಕೊಟ್ಟನು. ಕೀವೂ ಇಲ್ಲ, ಗ್ರಾನ್ಯುಲೋಮಾ ಎನ್ನಲು ಬೇಕಾದ ಜೀವಕೋಶಗಳ ಗುಂಪೂ ಇಲ್ಲ. ಇರುವುದು ಗೊಂಚಲುಗೊಂಚಲಾಗಿ ಜೋಡಿಸಿಕೊಂಡ ಲೋಮನಾಳಗಳು ಮಾತ್ರ ಎಂದು ತೋರಿಸಿ 1980ರಲ್ಲಿ ಮಿಲ್ಸ್ ಮತ್ತು ಸಂಗಡಿಗರು ‘ಲೋಮನಾಳಗಳ ಗೊಂಚಲುಗಡ್ಡೆ’ ಎಂಬರ್ಥದ ಹೆಸರನ್ನು ಮುಂದಿಟ್ಟರು. ಅದು ಪುಸ್ತಕಗಳಲ್ಲಿ ಮನ್ನಣೆ ಪಡೆದರೂ ಹೊರರೋಗಿ ವಿಭಾಗದ ಚೀಟಿಗಳಲ್ಲಿ ಹಾರ್ಟ್‌ಜೆಲ್‌ನ ತಪ್ಪು ಹೆಸರೇ ಇಂದಿಗೂ ನಡೆಯುತ್ತಿದೆ. ತಪ್ಪೆಂದು ಎಲ್ಲರಿಗೂ ತಿಳಿದ ಮೇಲೆ ತಪ್ಪು ಹೆಸರಿನಿಂದ ಹಾನಿ ಕಡಿಮೆ ಎಂಬುದು ವೈದ್ಯರ ಸಮಾಧಾನವಿರಬೇಕು.

ಈ ಗಂಟನ್ನು ಕೆರೆದು ತೆಗೆದ ಮೇಲೆ ರಕ್ತ ನಿಲ್ಲಿಸಲು, ಚಿಕ್ಕದಿದ್ದರೆ ಅದನ್ನೇ ಸುಡಲು, ಬಳಕೆಯಾಗುತ್ತ ಬಂದ ಪದಾರ್ಥ ಸಿಲ್ವರ್ ನೈಟ್ರೇಟ್. ರಸವಾದಿಗಳು ಬೆಳ್ಳಿಯನ್ನು ಚಂದ್ರನ ಲೋಹವೆಂದು ಎಣಿಸುತ್ತಿದ್ದುದರಿಂದ ಇದರ ಕಡ್ಡಿಗೆ ‘ಲೂನಾರ್ ಕಾಸ್ಟಿಕ್’, ಚಂದ್ರನ ಸುಡುಮದ್ದು, ಎಂದು ಹೆಸರು. ಜ್ಯೋತಿಷವನ್ನು ಬಲ್ಲ ಇಲ್ಲಿಯವರಿಗೂ ಚಂದ್ರ ಮತ್ತು ಬೆಳ್ಳಿಯ ನಂಟು ಹೊಸದಲ್ಲ. ಕಸುಬಿನವರು ತೇಜಾಬ್ ಎನ್ನುವ ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿಯನ್ನು ಹಾಕಿದಾಗ ಕಂದುಹೊಗೆ ಎದ್ದು ಲೋಹ ಕರಗಿ ಉಳಿಯುವ ತಿಳಿದ್ರಾವಣವೇ ಇದು. ಕಮ್ಮಟದ ಕಸ ತೊಳೆದು ಚೂರು ಲೋಹ ಹೆಕ್ಕುವ ಝಾರೇಕರಿಗಳಿಗೂ ಬೆಳ್ಳಿ ಶುದ್ಧಿ ಮಾಡುವವರಿಗೂ ಅದರ ಗುಣ ಚೆನ್ನಾಗಿ ಗೊತ್ತು. ಹನಿ ಬೆರಳ ಮೇಲೆ ಬಿದ್ದಾಗ ಮೊದಲು ಏನೂ ಕಾಣುವುದಿಲ್ಲ, ಬಿಸಿಲಿಗೆ ಕೈ ಒಡ್ಡಿದ ಮೇಲೆ ಅದೇ ಜಾಗ ಕಂದಾಗಿ ಆಮೇಲೆ ಕಪ್ಪಾಗುತ್ತದೆ, ಎಷ್ಟು ಉಜ್ಜಿದರೂ ಹೋಗದೆ ಚರ್ಮದ ಮೇಲ್ಪದರ ತಾನಾಗಿ ಉದುರುವವರೆಗೆ ಉಳಿಯುತ್ತದೆ. ಬೆಳಕಿಗೆ ಕಪ್ಪಾಗುವ ಈ ಗುಣವನ್ನು ಆಂಜೆಲೊ ಸಾಲಾ 1614ರಲ್ಲೇ ಬರೆದಿಟ್ಟಿದ್ದನು. ಒದ್ದೆ ಮಾಡಿದ ಕಡ್ಡಿಯ ತುದಿಯನ್ನು ರಕ್ತ ಜಿನುಗುವ ಮೊಳಕೆಗೆ ತಾಗಿಸಿದಾಗ ಅದು ಮೊದಲು ಬೂದುಬಿಳಿಯ ಪೊರೆ ಕಟ್ಟಿ, ಆಮೇಲೆ ಕಪ್ಪಾಗಿ ಒಣಗಿ, ಕೆಲವು ದಿನಗಳಲ್ಲಿ ಹಕ್ಕಳೆಯಾಗಿ ಬೀಳುತ್ತದೆ. ಕ್ಷಾರದಿಂದ ನಿಧಾನವಾಗಿ ಸುಡು ಎಂದ ಸುಶ್ರುತನ ವಿಧಿಗೂ ಇದಕ್ಕೂ ತತ್ತ್ವದಲ್ಲಿ ದೂರವಿಲ್ಲ.

ಸುಡುವ ವಿಧಿ ಗೊಂಚಲುಗಡ್ಡೆಗೆ ಸರಿ. ಎಳೆಗೂಸಿನ ಸ್ಟ್ರಾಬೆರಿ ಮಚ್ಚೆಗೆ ಅದೇ ವಿಧಿಯನ್ನು ಹಚ್ಚಿದ್ದು ಈ ಚರಿತ್ರೆಯ ಕಹಿಯಾದ ಭಾಗ. 20ನೆಯ ಶತಮಾನದ ಮೊದಲ ದಶಕದಲ್ಲಿ ಗಟ್ಟಿ ಇಂಗಾಲಾಮ್ಲದ ಹಿಮದಿಂದ ಹೆಪ್ಪುಗಟ್ಟಿಸುವ ಪದ್ಧತಿ ಬಂದಿತು, ಪ್ಯಾರಿಸ್ಸಿನಲ್ಲಿ ವಿಕಾಮ್ ಮತ್ತು ದೆಗ್ರೆ ರೇಡಿಯಂ ಹಚ್ಚಿ ಮಚ್ಚೆಗಳನ್ನು ಕರಗಿಸಿ ಹೆಸರಾದರು, ಕ್ಷಕಿರಣದ ಬಳಕೆಯೂ ಹರಡಿತು. ಮಚ್ಚೆಗಳು ಮಾಯವಾದವು, ಯಶಸ್ಸು ಕಿರಣಕ್ಕೆ ಸಂದಿತು. ವಿಲಿಯಂ ಲಿಸ್ಟರ್ ಅಂಥ ಮಚ್ಚೆಗಳಿಗೆ ಏನೂ ಮಾಡದೆ ವರ್ಷಗಟ್ಟಲೆ ನೋಡುತ್ತ ಕಾದು, ಅವು ಮೊದಲ ತಿಂಗಳುಗಳಲ್ಲಿ ಬೆಳೆದು, ನಿಂತು, ಆಮೇಲೆ ನಡುವಿನಿಂದ ಬಿಳುಪೇರುತ್ತ ತಾವಾಗಿಯೇ ಕುಗ್ಗುತ್ತವೆಂದು 1938ರಲ್ಲಿ ತೋರಿಸಿದನು. ವೈದ್ಯಲೋಕ ಈ ಮಾತನ್ನು ಕೂಡಲೇ ಒಪ್ಪಲಿಲ್ಲ. ಕಣ್ಣೆದುರು ದಿನದಿನಕ್ಕೆ ದೊಡ್ಡದಾಗುವ ಗಂಟನ್ನು ತೋರಿಸುತ್ತ ನಿಂತ ತಾಯಿಗೆ ‘ಕಾಯಿರಿ’ ಎಂದು ಹೇಳಿ ಕಳಿಸುವುದು ಯಾವ ವೈದ್ಯನಿಗೂ ಸುಲಭವಲ್ಲ. ಶೈಶವದಲ್ಲಿ ವಿಕಿರಣ ಪಡೆದ ಸ್ವೀಡನ್ನಿನ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನಗಳು, ಅವರಲ್ಲಿ ಮುಂದೆ ಕ್ಯಾನ್ಸರ್ ಹೆಚ್ಚಾದುದನ್ನು ದಾಖಲಿಸಿದವು. ತಾನಾಗಿ ಹೋಗುತ್ತಿದ್ದ ಮಚ್ಚೆಗೆ ತೆತ್ತ ಬೆಲೆ ಅದು.

ಗೊಂದಲವನ್ನು ಬಗೆಹರಿಸಿದವರು ಬಾಸ್ಟನ್ನಿನ ಶಸ್ತ್ರವೈದ್ಯ ಜಾನ್ ಮಲ್ಲಿಕನ್ ಮತ್ತು ಅವರ ಸಹೋದ್ಯೋಗಿ ಜೂಲಿ ಗ್ಲೊವಾಕಿ. 1982ರ ಅವರ ಪ್ರಬಂಧ ಹಣ್ಣಿನ ಹೋಲಿಕೆಯನ್ನೂ ನಾಳದ ಅಗಲವನ್ನೂ ಬದಿಗಿಟ್ಟು, ನಾಳದ ಒಳಪದರದ ಜೀವಕೋಶಗಳು ಹೆಚ್ಚುತ್ತಿವೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಕೇಳಿತು. ಹೆಚ್ಚುತ್ತ ಬೆಳೆದು ಕಾಲಾಂತರದಲ್ಲಿ ಕುಗ್ಗುವುದು ನಿಜವಾದ ಗಡ್ಡೆ, ‘ಹಿಮ್ಯಾಂಜಿಯೋಮಾ’. ಭ್ರೂಣದಲ್ಲಿ ನಾಳಗಳು ರೂಪುಗೊಳ್ಳುವಾಗಲೇ ಕಟ್ಟಡ ತಪ್ಪಿ, ಜೀವಕೋಶಗಳು ಹೆಚ್ಚದೆ, ಮಗು ಬೆಳೆದಂತೆ ತಾನೂ ಅದೇ ಪ್ರಮಾಣದಲ್ಲಿ ಬೆಳೆದು ಜೀವನಪರ್ಯಂತ ಉಳಿಯುವುದು ರಚನಾದೋಷ. ಹೀಗೆ ಸ್ಟ್ರಾಬೆರಿ ಮಚ್ಚೆ ಮೊದಲನೆಯ ಪಾಲಿಗೂ ಪೋರ್ಟ್ ವೈನ್ ಕಲೆ ಎರಡನೆಯ ಪಾಲಿಗೂ ಬಂದವು, ವಿರ್ಚೋವ್‌ನ ‘ಗಹ್ವರ ಆಂಜಿಯೋಮಾ’ಗಳಲ್ಲಿ ಬಹುಪಾಲು ಅಭಿಧಮನಿಗಳ ರಚನಾದೋಷವಾಗಿ ಹೊರಬಿದ್ದವು. 1992ರಲ್ಲಿ ಸ್ಥಾಪನೆಯಾದ ನಾಳವಿಕಾರಗಳ ಅಧ್ಯಯನದ ಅಂತರರಾಷ್ಟ್ರೀಯ ಸಂಘ 1996ರಲ್ಲಿ ರೋಮಿನಲ್ಲಿ ಈ ವಿಭಜನೆಯನ್ನು ಅಂಗೀಕರಿಸಿ, 2014 ಮತ್ತು 2018ರಲ್ಲಿ ವಿಸ್ತರಿಸಿತು. ಪ್ರಯೋಗಾಲಯವೂ ಬೆಂಬಲ ಕೊಟ್ಟಿತು: 2000ದಲ್ಲಿ ಪೌಲಾ ನಾರ್ತ್ ಮತ್ತು ಸಂಗಡಿಗರು ಶಿಶುಗಳ ಹಿಮ್ಯಾಂಜಿಯೋಮಾದಲ್ಲಿ ಮಾತ್ರ ಗ್ಲೂಕೋಸ್ ಸಾಗಿಸುವ ಗ್ಲುಟ್-1 ಎಂಬ ಪ್ರೋಟೀನು ಮೂಡುವುದನ್ನೂ ರಚನಾದೋಷಗಳಲ್ಲಿ ಅದು ಇಲ್ಲದಿರುವುದನ್ನೂ ಕಂಡರು, 2013ರಲ್ಲಿ ಪೋರ್ಟ್ ವೈನ್ ಕಲೆಯ ಮೂಲ ಜಿಎನ್‌ಎಕ್ಯೂ ಎಂಬ ವಂಶವಾಹಿಯಲ್ಲಿ, ಗರ್ಭದ ಆರಂಭದ ದಿನಗಳಲ್ಲಿ, ದೇಹದ ಒಂದು ಭಾಗದ ಕೋಶಗಳಿಗಷ್ಟೇ ಆಗುವ ಬದಲಾವಣೆಯಲ್ಲಿದೆಯೆಂದು ಗೊತ್ತಾಯಿತು. ತಂದೆತಾಯಿಯಿಂದ ಇಳಿದು ಬರದ, ತಾಯಿ ಮಾಡಿದ ಯಾವ ಕೆಲಸಕ್ಕೂ ಸಂಬಂಧಿಸದ ಬದಲಾವಣೆ ಅದು. ಗ್ರಹಣಕ್ಕೂ ಬಯಕೆಗೂ ಇಷ್ಟು ಖಚಿತವಾದ ಉತ್ತರ ಹಿಂದೆ ಸಿಕ್ಕಿರಲಿಲ್ಲ.

ಹೆಸರು ಸರಿಯಾದ ಮೇಲೆ ಔಷಧಿಯೂ ದಾರಿ ಕಂಡಿತು. 2008ರಲ್ಲಿ ಫ್ರಾನ್ಸಿನ ಬೋರ್ಡೊ ನಗರದಲ್ಲಿ ಕ್ರಿಸ್ಟಿನ್ ಲಿಯೋಟೆ-ಲಬ್ರೇಜ್, ಹೃದಯದ ತೊಂದರೆಗೆಂದು ಪ್ರೊಪ್ರನೊಲಾಲ್ ಕೊಟ್ಟ ಮಗುವಿನ ಹಿಮ್ಯಾಂಜಿಯೋಮಾ ಮೆತ್ತಗಾಗಿ ಬಣ್ಣ ಬದಲಿಸಿದ್ದನ್ನು ಗಮನಿಸಿದರು. ರಕ್ತದೊತ್ತಡಕ್ಕೆ ಬಳಸುವ, ಬೆಲೆ ಕಡಿಮೆಯಿರುವ, ತಾಲೂಕಿನ ಔಷಧಿ ಅಂಗಡಿಯಲ್ಲೂ ದೊರೆಯುವ ಈ ಹಳೆಯ ಮಾತ್ರೆ, ಕಣ್ಣಿಗೋ ಉಸಿರಿಗೋ ಅಡ್ಡಬರುವ ಗಂಟುಗಳಿಗೆ ಮೊದಲ ಮದ್ದಾಯಿತು. ವೈದ್ಯರ ನಿಗಾ ಮಾತ್ರ ಬೇಕು, ಏಕೆಂದರೆ ಅದು ಕೂಸಿನ ಹೃದಯದ ಬಡಿತವನ್ನೂ ರಕ್ತದ ಸಕ್ಕರೆಯನ್ನೂ ಇಳಿಸಬಲ್ಲದು. ಪೋರ್ಟ್ ವೈನ್ ಕಲೆಗೆ ಈ ಮಾತ್ರೆಯಿಂದ ಏನೂ ಆಗುವುದಿಲ್ಲ. ಅದಕ್ಕೆ 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಮಂಡಿಸಿದ ತತ್ತ್ವದ ಮೇಲೆ ರೂಪುಗೊಂಡ, ರಕ್ತದ ಬಣ್ಣ ಹೆಚ್ಚಾಗಿ ಹೀರಿಕೊಳ್ಳುವ ಅಲೆಯಳತೆಯ ಲೇಸರ್ ಬೇಕು. ಕಂದು ಚರ್ಮದಲ್ಲಿ ಮೇಲ್ಪದರದ ವರ್ಣದ್ರವ್ಯವೂ ಆ ಬೆಳಕಿನ ಪಾಲನ್ನು ಹೀರುವುದರಿಂದ ಎಚ್ಚರ ಹೆಚ್ಚಬೇಕು.

ಚರ್ಮದ ಬಣ್ಣದ ಈ ಮಾತು ಹೆಸರುಗಳಿಗೂ ಅನ್ವಯಿಸುತ್ತದೆ. ಪಾಠಪುಸ್ತಕದ ಸ್ಟ್ರಾಬೆರಿ, ಚೆರಿ, ದ್ರಾಕ್ಷಾರಸಗಳು ಬಿಳಿಯ ಚರ್ಮದ ಮೇಲೆ ಕಂಡ ಬಣ್ಣಗಳು. ದಖನ್ನಿನ ಗೋಧಿ ಮತ್ತು ಎಣ್ಣೆಗೆಂಪು ಮೈಬಣ್ಣದಲ್ಲಿ ಅದೇ ಕಲೆ ಕಂದುನೇರಳೆಯಾಗಿ, ಕೆಲವೊಮ್ಮೆ ಹಳೆಯ ಸುಟ್ಟಗಾಯದಂತೆ ಕಾಣುವುದುಂಟು, ಹಿಂಗತ್ತಿನ ಮಸುಕು ಕಲೆ ಕಣ್ಣಿಗೇ ಬೀಳದೆ ಹೋಗುವುದುಂಟು. ಜತುಮಣಿಗೆ ಕಡುಗೆಂಪೆನ್ನದೆ ‘ತುಸು ಕೆಂಪು’ ಎಂದದ್ದು ಕಂದು ಚರ್ಮದ ಮೇಲೆ ನೋಡಿದವರ ಮಾತಾಗಿರಬಹುದೆಂಬ ಊಹೆಗೆ ಇಲ್ಲಿ ಅವಕಾಶವಿದೆ. ನಡುವಯಸ್ಸು ದಾಟಿದವರ ಎದೆ, ಹೊಟ್ಟೆಗಳ ಮೇಲೆ ಏಳುವ ಗುಲಗಂಜಿಗಿಂತ ಚಿಕ್ಕ ಕೆಂಪು ಗುಂಡುಗಳು ಮಾತ್ರ ಯಾವ ಮೈಬಣ್ಣದಲ್ಲೂ ಎದ್ದು ಕಾಣುತ್ತವೆ. ಅವುಗಳಿಗೆ ಲಂಡನ್ನಿನ ಶಸ್ತ್ರವೈದ್ಯ ಕ್ಯಾಂಬೆಲ್ ಡಿ ಮಾರ್ಗನ್‌ನ ಹೆಸರು ಅಂಟಿದೆ. 1872ರಲ್ಲಿ ಆತನು ಇವನ್ನು ಕ್ಯಾನ್ಸರಿನ ಸೂಚನೆಯೆಂದು ಭಾವಿಸಿದ್ದನು, ಆ ಭಾವನೆ ಸುಳ್ಳಾದ ಮೇಲೂ ಹೆಸರು ಉಳಿಯಿತು.

ಸರಕಾರಿ ದಾಖಲೆಗಳಿಗೆ ಈ ಸೂಕ್ಷ್ಮಗಳು ತಲುಪಲಿಲ್ಲ. ನೌಕರಿಯ ಸೇವಾಪುಸ್ತಕದಲ್ಲಿಯೂ ಅನೇಕ ಅರ್ಜಿಗಳಲ್ಲಿಯೂ ಗುರುತಿನ ಚಿಹ್ನೆ ಬರೆಯುವ ಸಾಲಿನಲ್ಲಿ ಗುಮಾಸ್ತರು ಕಪ್ಪೋ ಕೆಂಪೋ ನೋಡದೆ ಮಚ್ಚೆ ಎಂದೇ ಬರೆದರು. ನೂರು ಶಿಶುಗಳಲ್ಲಿ ನಾಲ್ಕೈದಕ್ಕೆ ಬರುವ ಹಿಮ್ಯಾಂಜಿಯೋಮಾ ಶಾಲೆಗೆ ಹೋಗುವ ವಯಸ್ಸಿನ ಹೊತ್ತಿಗೆ ಬಹುಪಾಲು ಅಳಿಸಿಹೋಗುವುದರಿಂದ ಗುರುತಿನ ಚಿಹ್ನೆಯಾಗಲು ಅದಕ್ಕಿಂತ ಅಯೋಗ್ಯವಾದದ್ದು ಇನ್ನೊಂದಿಲ್ಲ.

ಅಂತರರಾಷ್ಟ್ರೀಯ ಸಂಘದ 2018ರ ಪಟ್ಟಿಯೂ ಎಲ್ಲವನ್ನೂ ಎರಡು ಪಾಲಿಗೆ ಹಂಚಿ ಮುಗಿಸಿಲ್ಲ. ತಾತ್ಕಾಲಿಕವಾಗಿ ವರ್ಗೀಕರಿಸದೆ ಬಿಟ್ಟವು ಎಂಬ ಶೀರ್ಷಿಕೆಯಡಿ ಅದರಲ್ಲಿಯೂ ಒಂದು ಕ್ಷುದ್ರರೋಗಾಧಿಕಾರವಿದೆ. ಹಿಗ್ಗಿದ ಲೋಮನಾಳಗಳ ಮೇಲೆ ಚರ್ಮ ದಡ್ಡುಗಟ್ಟಿ ಆಗುವ ಕಡುನೇರಳೆ ಚುಕ್ಕೆ, ಆಂಜಿಯೋಕೆರಟೋಮಾ, ಅಲ್ಲಿ ಸೇರಿದೆ. ಇಟಲಿಯ ಮಿಬೆಲ್ಲಿ ಅದಕ್ಕೆ ಆ ಹೆಸರಿಟ್ಟದ್ದು 1889ರಲ್ಲಿ. ವಯಸ್ಸಾದ ಗಂಡಸರ ವೃಷಣಚೀಲದ ಮೇಲೆ ಕಾಣುವ ಇಂಥ ಚುಕ್ಕೆಗಳಿಂದ ಕೇಡೇನೂ ಇಲ್ಲ. ಆದರೆ ಹುಡುಗನೊಬ್ಬನ ಸೊಂಟ ಮತ್ತು ತೊಡೆಗಳ ನಡುವೆ ಅವು ಗುಂಪುಗುಂಪಾಗಿ ಎದ್ದು, ಜೊತೆಗೆ ಅಂಗೈ ಅಂಗಾಲುಗಳಲ್ಲಿ ಉರಿಯಿದ್ದರೆ, ಅದು 1898ರಲ್ಲಿ ಜರ್ಮನಿಯ ಫ್ಯಾಬ್ರಿ ಮತ್ತು ಲಂಡನ್ನಿನ ಆಂಡರ್ಸನ್ ಬೇರೆಬೇರೆಯಾಗಿ ವರ್ಣಿಸಿದ, ಒಂದು ಕಿಣ್ವದ ಕೊರತೆಯಿಂದ ಮುಂದೆ ಮೂತ್ರಪಿಂಡವನ್ನೂ ಹೃದಯವನ್ನೂ ಕೆಡಿಸುವ ಆನುವಂಶಿಕ ರೋಗದ ಮೊದಲ ಸುಳಿವಾಗಿರಬಹುದು. ಅಂಥ ಹುಡುಗನನ್ನು ಕಂಡ ಚರ್ಮವೈದ್ಯರು ಮುಲಾಮು ಬರೆದುಕೊಡುವ ಮೊದಲು ಮೂತ್ರ ಮತ್ತು ಕಿಣ್ವದ ಪರೀಕ್ಷೆಗೆ ಬರೆದುಕೊಡುತ್ತಾರೆ, ತಾಯಿಯ ಕಡೆಯ ಸೋದರಮಾವಂದಿರ ಆರೋಗ್ಯವನ್ನೂ ವಿಚಾರಿಸುತ್ತಾರೆ.